ಕಂಪನಿ ಸಂಡಾಸ

ಆ ಸಂಡಾಸ ತೊಳಿಯಾಕಿ ಮಾಯಕ್ಕ. ಅದರಾಗ ಕುಂದ್ರಾಕ ಆಕಿಗೆ ಹುಕುಂ ಇರಲಿಲ್ಲ. ನಮಗ ಯಾರಿಗೂ ಇರಲಿಲ್ಲ.

ರಾಜೂರ ದಾಟಿ ಗಜೇಂದ್ರಗಡದ ಗುಡ್ಡದ ಕಡೆ ಹೋದ್ರ ಸೋಲಾರ ಕಂಪನಿ ಐತಿ. ಮೊದಲ ಅದೆಲ್ಲಾ ಹೊಲ. ಜ್ವಾಳ, ಕಡ್ಲಿ, ಹತ್ತಿ ಬೆಳೀತಿತ್ತು. ಹೊಲ ಗೌಡ್ರದು, ಕಳೆ ತಗಿಯೂದು ನಮ್ಮ ಕೇರಿ ಹೆಂಗಸರದು. ಗೌಡ್ರು ಹೊಲ ಕಂಪನಿಗೆ ವರ್ಷಕ್ಕಿಷ್ಟು ಬಾಡಗಿ ಅಂತ ಲಾವಣಿಗೆ ಕೊಟ್ಟು ಮನ್ಯಾಗ ಕುಂತ್ರು. ನಮ್ಮನ್ನ ಯಾರೂ ಏನೂ ಕೇಳಲಿಲ್ಲ. ಹೊಲದ ಕೂಡ ನಮ್ಮ ಕೂಲಿ ಹೋತು. ಬದು ಹೋತು. ಬದುವಿನ ಮ್ಯಾಲಿನ ಜಾಲಿಗಿಡ ಹೋದ್ವು. ಹೆಂಗಸರು ಮರಿಯಾಗಿ ಕುಂದ್ರೂ ಜಾಗಾನೂ ಹೋತು.

ಈಗ ಅಲ್ಲಿ ಬರೇ ಪ್ಲೇಟು. ಕಬ್ಬಿಣದ ಕಾಲಿನ ಮ್ಯಾಲೆ ಗಾಜಿನ ಪ್ಲೇಟು, ಸಾಲಿಗೆ ಸಾಲು, ಕಣ್ಣ ಹೋಗೂತನಾ. ಸುತ್ತಲೂ ತಂತಿಬೇಲಿ. ಕಂಬಕ್ಕ ಕ್ಯಾಮರಾ. ಕ್ಯಾಮರಾದ ಕೆಳಗ ಸ್ಪೀಕರು. ಕಳ್ಳರು ತಾಮ್ರದ ವಾಯರ ಕತ್ತರಿಸಿಕೊಂಡು ಹೋಗ್ತಾರಂತ, ಅದಕ್ಕ.

ಪ್ಲೇಟಿನ ಮ್ಯಾಲೆ ಧೂಳ ಕುಂತ್ರ ಕರೆಂಟ ಕಡಿಮಿ ಆಗತೈತಿ. ಆ ಧೂಳ ತೊಳಿಯಾಕ ನಾವು. ನಮ್ಮ ಕೇರಿಯವರು ಒಂದಿಷ್ಟು, ತಾಂಡಾದವರು ಒಂದಿಷ್ಟು. ತೊಳಿಯೂ ಗುತ್ತಿಗಿ ಹಿಡದ ಕಂತ್ರಾಟದಾರ ನಮ್ಮನ್ನ ಕೆಲಸಕ್ಕ ತಗೊಂಡಿದ್ದ. ಬೆಳಕ ಹರಿಯೂದ್ರಾಗ ಗೇಟಿನ್ಯಾಗ ಇರಬೇಕು. ಉಮರ ಟ್ಯಾಂಕರಿನ್ಯಾಗ ನೀರ ತರ್ತಾನ. ಒಬ್ಬಾಕಿ ಪೈಪ ಎಳೀಬೇಕು, ಒಬ್ಬಾಕಿ ನೀರ ಬಿಡಬೇಕು, ಹಿಂದಿನಾಕಿ ಉದ್ದನ ಕೋಲಿನ ಬ್ರಶ್ ಹಚ್ಚಿ ತಿಕ್ಕಬೇಕು. ನೀರ ತುಂಬಿದ ಪೈಪ ಹೆಗಲ ಮ್ಯಾಲೆ ಹೊತ್ತು ಎಳದಾಕಿಗೆ ಸಂಜಿಗೆ ತೋಳ ಎತ್ತಾಕ ಬರಂಗಿಲ್ಲ. ಮ್ಯಾಲಿಂದ ಬಿಸಲ, ಗಾಜಿನಿಂದ ಮತ್ತ ಬಿಸಲ. ಮಾರಿ ಎರಡೂ ಕಡೆ ಸುಡತೈತಿ.

ನಮ್ಮ ಮ್ಯಾಲೆ ಸೂಪರವೈಜರ ಸಿದ್ದರಾಮೇಶ. ಹೊಲ ಕೊಟ್ಟ ಗೌಡ್ರ ಸಣ್ಣ ಮಗ. ಬಿಳೇ ಹೆಲ್ಮೆಟ್ ಹಾಕ್ಕೊಂಡು ನೆಳ್ಳಾಗ ನಿಂತು ಒದರ್ತಾನ. ಆತನ ಮ್ಯಾಲೆ ಇಂಜಿನಿಯರ ಶರತ ಸಾಹೇಬ, ಎಸಿ ಹಾಕಿದ ಆಫೀಸನ್ಯಾಗ ಕುಂತು ಟೀವಿಯೊಳಗ ನಮ್ಮನ್ನ ನೋಡಾಂವ. ಆ ಆಫೀಸಿನ ಬಾಜೂಕ ಸಂಡಾಸ.

ಮಾಯಕ್ಕಗ ಯಾವ ಹೆಲ್ಮೆಟ್ಟೂ ಇರಲಿಲ್ಲ. ಪಗಾರ ನಮ್ಮಷ್ಟ. ಮುಂಜಾನಿ ಎಲ್ಲಾರಕಿಂತ ಮೊದಲ ಬಂದು ಸಂಡಾಸ ತೊಳಿಯೂದು, ಆಮ್ಯಾಲೆ ನಮ್ಮ ಕೂಡ ಪ್ಲೇಟ ತೊಳಿಯೂದು. ಖರೇ ಹೇಳ್ತೀನಿ, ಸಿದ್ದರಾಮೇಶ ಗಂಟಲ ಹರಕೊಂಡ್ರ ನಾವು ಯಾರೂ ಲಗೂ ಏಳ್ತಿರಲಿಲ್ಲ. ಮಾಯಕ್ಕ "ಏಳ್ರೆವಾ" ಅಂದ್ರ ಏಳ್ತಿದ್ವಿ.

ಅದು ಒಂದ ದಿನಕ್ಕ ಆಗಿದ್ದಲ್ಲ. ಸುರುವಾತಿಗೆ ಪೈಪ ಎಳಿಯಾಕ ಯಾರೂ ಬರ್ತಿರಲಿಲ್ಲ. ಜಗಳ ಆಗ್ತಿತ್ತು. ಮಾಯಕ್ಕ ಸುಮ್ನ ಹೋಗಿ ಪೈಪ ಹೆಗಲಿಗೆ ಹಾಕ್ಕೊಂಡ್ಲು. ಸಂಜಿತನಾ ಎಳದ್ಲು. ಮರುದಿನ "ಇವತ್ತ ನಾಗರತ್ನಾ, ನಾಳೆ ಸುಶೀಲವ್ವ" ಅಂದ್ಲು. ನಾಗರತ್ನಾ ಅಂದ್ರ ನಾ. ನನಗ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ತಾಂಡಾದವರು ಬ್ಯಾರೆ ಕುಂತು ಉಣ್ತಿದ್ರು, ನಾವು ಬ್ಯಾರೆ. ಆಕಿ ನಡುವ ಹೋಗಿ ಕುಂತ್ಲು, ಆ ಕಡೆ ಈ ಕಡೆ ಕೈ ಚಾಚಿ ಎರಡೂ ಬುತ್ತಿಯಿಂದ ಉಂಡ್ಲು. ವಾರ ಆಗೂದ್ರಾಗ ಎಲ್ಲಾರೂ ಒಂದ ಕಡೆ. ಸಿದ್ದರಾಮೇಶ ತಾಂಡಾದ ಸಕ್ಕೂಬಾಯಿಗೆ "ಏ ಲಂಬಾಣಿ" ಅಂತಿದ್ದ. ಮಾಯಕ್ಕ ಪ್ರತಿ ಸಲ "ಸಕ್ಕೂಬಾಯಿ ಅಂತ ಹೆಸರೈತ್ರಿ ಗೌಡ್ರ" ಅಂತಿದ್ಲು. ಸಿಟ್ಟಿಲ್ಲ, ಸೆಡವಿಲ್ಲ. ಕಡೀಕ ಆತಗ ಬ್ಯಾಸರಾಗಿ ಹೆಸರ ಹಿಡದು ಕರಿಯಾಕತ್ತಿದ. ಗೇಟಿನ ವಾಚಮನ್ ಬೀರಲಿಂಗನ ಕಾಲ ದಿನಾ ನಿಂತ ನಿಂತ ಬಾತಿದ್ವು. ಆತಗ ಕುರ್ಚಿ ಕೊಟ್ಟಿರಲಿಲ್ಲ. ಮಾಯಕ್ಕ ಯಾರ ಮನ್ಯಾಗೋ ಮುರದ ಕುರ್ಚಿ ಇಸಕೊಂಡು, ಮೊಳಿ ಬಡಿಸಿ, ಉಮರನ ಟ್ಯಾಂಕರಿನ ಮ್ಯಾಲೆ ಹಾಕಿ ತಂದು ಕೊಟ್ಲು. ಬದಲಿಗೆ ಏನೂ ಕೇಳಲಿಲ್ಲ. ಒಬ್ಬರ ಮಾತ ಇನ್ನೊಬ್ಬರಿಗೆ ಮುಟ್ಟಸ್ತಿರಲಿಲ್ಲ. ಬರ್ತೀನಿ ಅಂದಲ್ಲಿಗೆ ಬರ್ತಿದ್ಲು. ಅಷ್ಟ.

ಸಿದ್ದರಾಮೇಶನೂ ಇದನ್ನ ನೋಡಿದ್ದ. ಪಂಚಮಿ ಹಬ್ಬದ ದಿನ ಕೆಲಸಕ್ಕ ಬರ್ರಿ ಅಂತ ಕಂಪನಿಯಿಂದ ಹುಕುಂ ಬಂತು. ಆತ ಮಾಯಕ್ಕನ ಹಂತ್ಯಾಕ ಬಂದ.

"ಮಾಯವ್ವಾ, ನೀ ಒಂದ ಮಾತ ಹೇಳಬೇ ಅವರಿಗೆ."

ಆಕಿ ಹೇಳಿದ್ಲು. ನಾವು ಬಂದ್ವಿ. ನಾ ದಾರ್ಯಾಗ ಗೊಣಗಿದೆ. "ಯಕ್ಕಾ, ನೀ ಅವರ ಪರ ಮಾತಾಡ್ತಿ."

"ಇವತ್ತ ಆತನ ಮಾತ ನಡಸಿಕೊಟ್ಟೀವಿ" ಅಂದ್ಲು. "ನಮ್ಮ ಮಾತಿಗೂ ಒಂದ ದಿನ ಬರತೈತಿ. ಆವಾಗ ಕೇಳೂನಂತ."

ಆ ದಿನ ಹ್ಯಾಂಗ ಬಂತು ಅಂತ ಹೇಳತೀನಿ ಕೇಳ್ರಿ.

ಮುಂಜಾನಿ ಬಂದ ಹೆಂಗಸು ಸಂಜಿಗೆ ಮನಿಗೆ ಹೋಗೂತನಾ ಉಚ್ಚಿ ತಡಕೋಬೇಕು. ಇಷ್ಟ ನಮ್ಮ ಕಥಿ. ಗಿಡ ಇಲ್ಲ, ಬದು ಇಲ್ಲ, ಬೇಲಿ ದಾಟಾಕ ಹುಕುಂ ಇಲ್ಲ. ಎಲ್ಲಿ ನೋಡಿದ್ರೂ ಕ್ಯಾಮರಾ. ಗಂಡಸರು ಎಲ್ಲೆರ ಗ್ವಾಡಿಗೆ ನಿಂದರ್ತಾರ. ನಾವು ನೀರ ಕುಡಿಯೂದ ಬಿಟ್ವಿ. ನೀರಾಗ ನಿಂತು, ನೀರ ಹೊತ್ತು, ಗಂಟಲ ಒಣಗಿಸಿಕೊಂಡು ದುಡದ್ವಿ. ಕಿಬ್ಬೊಟ್ಟಿ ಕಲ್ಲಿನಂಗ ಆಗ್ತಿತ್ತು. ಉರಿ ಎಲ್ಲಾರಿಗೂ ಇತ್ತು. ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ.

ಅವತ್ತ ನಾ ಮುಟ್ಟಾಗಿದ್ದೆ. ಪೈಪ ನನ್ನ ಪಾಳಿ. ಮಧ್ಯಾಹ್ನಕ್ಕ ತಡಕೊಳ್ಳಾಕ ಆಗಲಿಲ್ಲ. ಎರಡು ಸಾಲಿನ ನಡುವ, ಪ್ಲೇಟಿನ ಬುಡಕ ಬಗ್ಗಿ ಕುಂತೆ. ಕ್ಯಾಮರಾ ಆ ಕಡೆ ಐತಿ ಅಂತ ತಿಳಕೊಂಡಿದ್ದೆ.

ತಲಿ ಮ್ಯಾಲೆ ಸ್ಪೀಕರ ಕರಕರ ಅಂತು.

"ಹಲೋ, ಅಲ್ಲಿ ಪ್ಯಾನೆಲ್ ಕೆಳಗೆ ಕೂತಿರೋಳು... ಏಳಮ್ಮಾ ಮೇಲೆ. ಅಲ್ಲಿ ಕೇಬಲ್ ಇದೆ."

ಶರತ ಸಾಹೇಬನ ದನಿ. ಇಡೀ ಹೊಲಕ್ಕ ಕೇಳಿಸಿತು. ಅರ್ಧಕ್ಕ ನಿಲ್ಲಿಸಾಕ ನನಗ ಆಗಲಿಲ್ಲ. ಆತ ಮೈಕ ಬಂದ್ ಮಾಡೂದ ಮರತಿದ್ದ. ಅಲ್ಲಿದ್ದವರ ನಗು ನಮಗೆಲ್ಲಾ ಕೇಳಿತು. ಒಬ್ಬಾಂವ "ಝೂಮ್ ಮಾಡ್ರೀ ಸರ್" ಅಂದ.

ನಾ ಎದ್ದೆ. ಸೀರಿ ತೊಯ್ದಿತ್ತು. ಕಾಲಿನಗುಂಟ ಇಳೀತಿತ್ತು, ಅದರಾಗ ರಕ್ತಾನೂ ಇತ್ತು. ಎಲ್ಲಿಗೆ ಹೋಗಲಿ? ಯಾವ ಕಡೆ ಮಾರಿ ಮಾಡಲಿ? ಭೂಮಿ ಮ್ಯಾಲೆ ನಿಂತಿದ್ದ ತಪ್ಪ ಅನಸಿತು.

ಮಾಯಕ್ಕ ಬಂದ್ಲು. ಓಡಲಿಲ್ಲ. ನನ್ನ ಹೆಗಲಿಂದ ಬಿದ್ದ ಪೈಪ ತಗೊಂಡು ನನ್ನ ಮ್ಯಾಲೆ ನೀರ ಬಿಟ್ಲು. ಎದಿಯಿಂದ ಪಾದದತನಾ. ಆಮ್ಯಾಲೆ ತನ್ನ ಮ್ಯಾಲೆ ಬಿಟ್ಕೊಂಡ್ಲು. ಸಕ್ಕೂಬಾಯಿ ಬಂದು "ನನಗೂ" ಅಂದ್ಲು. ಸುಶೀಲವ್ವ ಬಂದ್ಲು. ಒಬ್ಬೊಬ್ಬರಾಗಿ ಎಲ್ಲಾರೂ ಪೈಪಿನ ಮುಂದ ಬಂದು ನಿಂತು ಸೀರಿ ತೋಯಿಸಿಕೊಂಡ್ರು. ಯಾರ ಸೀರಿ ಯಾತರಿಂದ ತೊಯ್ದೈತಿ ಅಂತ ಹೇಳಾಕ ಬರದಂಗ. ಸ್ಪೀಕರಿನ್ಯಾಗ ನಗು ನಿಂತಿತ್ತು.

ಅವತ್ತ ಸಂಜಿಮುಂದ ಮಾಯಕ್ಕ ಸಿದ್ದರಾಮೇಶನ ಮುಂದ ನಿಂತ್ಲು.

"ಗೌಡ್ರ, ಸಂಡಾಸದ ಕೀಲಿ ಬೇಕ್ರಿ. ಹೆಂಗಸರಿಗೆ."

"ಅದು ಸ್ಟಾಫಿಂದು."

"ದಿನಾ ನಾನ ತೊಳೀತೀನ್ರಿ ಅದನ್ನ."

"ತೊಳಿಯೂದು ಬ್ಯಾರೆ ಮಾಯವ್ವಾ. ಸಾಹೇಬ್ರು ಹೋಗ್ತಾರ, ನಾ ಹೋಗ್ತೀನಿ. ನೀವು ಹೋದಿಂದ ನಾವು ಹ್ಯಾಂಗ ಹೋಗೂನು, ನೀನ ಹೇಳು."

ಬೈದು ಹೇಳಲಿಲ್ಲ ಆತ. ಎಲ್ಲಾರಿಗೂ ಗೊತ್ತಿದ್ದ ಮಾತ ಮತ್ತೊಮ್ಮೆ ಹೇಳಿದಂಗ ಹೇಳಿದ. ಮಾಯಕ್ಕ ಶರತ ಸಾಹೇಬನ ಹತ್ರಾನೂ ಹೋದ್ಲು. ಆತ ಮೊಬೈಲಿನಿಂದ ಕಣ್ಣ ಎತ್ತಲಿಲ್ಲ. "ಹೆಡ್ ಆಫೀಸಿಗೆ ಬರೆದಿದೀನಿ. ಬೇರೆ ಟಾಯ್ಲೆಟ್ ಕಟ್ಟೋಕೆ ಬಜೆಟ್ ಇಲ್ಲ. ಮುಂದಿನ ವರ್ಷ ನೋಡೋಣ" ಅಂದ.

ಮುಂದಿನ ವರ್ಷದತನಾ ಸಕ್ಕೂಬಾಯಿ ಕಾಯಲಿಲ್ಲ. ಆಕಿಗೆ ಎಂಟತ್ತ ದಿನದಿಂದ ಜ್ವರ ಬಂದು ಹೋಗಿ ಮಾಡ್ತಿತ್ತು. ಸೊಂಟ ಹಿಡಕೊಂಡ ಬ್ರಶ್ ತಿಕ್ಕತಿದ್ಲು. ಒಂದಿನ ಪ್ಲೇಟಿನ ಕಬ್ಬಿಣದ ಕಾಲಿಗೆ ಆತಗೊಂಡು ಕೆಳಗ ಸರದ್ಲು. ಮೈ ಕೆಂಡ ಆಗಿತ್ತು. ಹಲ್ಲ ಕಟಕಟ ಅಂತಿದ್ವು. ಕಂಪನಿ ಜೀಪ ಅಲ್ಲೇ ನಿಂತಿತ್ತು. ಸಿದ್ದರಾಮೇಶ ಒಳಗ ಹೋಗಿ ಕೇಳಿ ಬಂದ. "ಜೀಪ ಸೈಟಿಗೆ ಅಷ್ಟ ಅಂತ. ಪೇಶಂಟ್ ಹಾಕಂಗಿಲ್ಲಂತ."

ಉಮರ ಟ್ಯಾಂಕರಿನ ಹಿಂದಕ್ಕ ಹೋದ. ಟ್ಯಾಂಕರಿನ ವಾಲ್ ತಿರುವಿ ಇದ್ದಬದ್ದ ನೀರೆಲ್ಲಾ ನೆಲಕ್ಕ ಬಿಟ್ಟ. ಗಾಡಿ ಹಗುರಾದ್ರ ಲಗೂ ಓಡತೈತಿ ಅಂತ. ಸಕ್ಕೂಬಾಯಿನ್ನ ಮುಂದ ಹಾಕ್ಕೊಂಡು, ನಾನು ಮಾಯಕ್ಕ ಒತ್ತಿ ಕುಂತು ರೋಣದ ದವಾಖಾನಿಗೆ ಹೋದ್ವಿ. ನರ್ಸಬಾಯಿ ಹೊಟ್ಟಿ ಮುಟ್ಟಿ ನೋಡಿ ಕೇಳಿದ್ಲು.

"ಯಾವಾಗಿಂದ ಉಚ್ಚಿ ತಡಕೊಳ್ಳಾಕತ್ತೀಯವಾ?"

ಸಕ್ಕೂಬಾಯಿ ಕಣ್ಣ ಮುಚ್ಚಿಕೊಂಡ ಹೇಳಿದ್ಲು. "ಕೆಲಸಕ್ಕ ಹತ್ತಿದಾಗಿಂದ."

ಕೀವು ಆಗಿ ರಕ್ತಕ್ಕ ಏರಿತ್ತು. ಅಲ್ಲಿಂದ ಗದಗಿಗೆ ಒಯ್ದ್ರು. ಜೀವ ಉಳೀತು. ಕಿಡ್ನಿ ಉಳೀಲಿಲ್ಲ. ಈಗ ಮಶಿನ್ನಿಗೆ ಹಾಕಿ ರಕ್ತ ತೊಳಸ್ತಾರ. ಆಕಿ ಕಂಪನಿ ಆಳ ಅಲ್ಲ, ಕಂತ್ರಾಟದಾರನ ಆಳ ಅಂತ ಕಂಪನಿಯವರು ಅಂದ್ರು. ಕೆಲಸಕ್ಕ ಬರೂಕಿಂತ ಮೊದಲಿಂದಾನೂ ಆಕಿಗೆ ಆರಾಮ ಇರಲಿಲ್ಲ ಅಂತ ಕಂತ್ರಾಟದಾರ ಅಂದ. ಆಕಿ ಜಾಗಾಕ್ಕ ಆಕಿ ಸೊಸಿ ಕೆಲಸಕ್ಕ ಬಂದ್ಲು. ಮನಿ ನಡೀಬೇಕಲ್ಲ.

ಸೊಸಿ ಬಂದ ದಿನ ಮಾಯಕ್ಕ ಊಟದಾಗ ಏನೂ ಉಣ್ಣಲಿಲ್ಲ. ಆ ಹುಡಿಗಿ ಬಾಟಲಿ ತಗದು ನೀರ ಕುಡಿಯಾಕ ಹೋದ್ರ, ಹಂತ್ಯಾಕ ಕುಂತಾಕಿ ಒಬ್ಬಾಕಿ "ಕುಡೀಬ್ಯಾಡ" ಅಂತ ಕೈ ಹಿಡದ್ಲು. ಮಾಯಕ್ಕ ಅದನ್ನ ನೋಡಿದ್ಲು.

ಅವತ್ತಿಂದ ಆಕಿ ತಿರುಗಾಡಿದ್ಲು. ತಾಂಡಾಕ್ಕ ಹೋದ್ಲು. ನಮ್ಮ ಕೇರ್ಯಾಗ ಮನಿ ಮನಿಗೆ ಬಂದ್ಲು. ಉಮರನ ಕೂಡ ಮಾತಾಡಿದ್ಲು, ಬೀರಲಿಂಗನ ಕೂಡ ಮಾತಾಡಿದ್ಲು. ಭಾಷಣಾ ಮಾಡಲಿಲ್ಲ. ಸಕ್ಕೂಬಾಯಿಗೆ ಏನಾತು ಅಂತ ಹೇಳೂದು, ಆಮ್ಯಾಲೆ ಸುಮ್ನ ಕುಂದ್ರೂದು. ನಮ್ಮನಿ ಕಟ್ಟಿ ಮ್ಯಾಲೆ ಕುಂತು ನನಗ ಹೇಳಿದ್ಲು.

"ಹೆಡ್ ಆಫೀಸಿನವರು ಬರಾಕತ್ತಾರಂತ. ಸಂಡಾಸ ಥಳಥಳ ಅನಸು ಅಂದಾನ ಸಿದ್ದರಾಮೇಶ. ನಾ ತೊಳಿಯಂಗಿಲ್ಲ. ಅದರಾಗ ಕುಂದರತೀನಿ. ನೀವೂ ಬರ್ರಿ ಅಂತ ನಾ ಹೇಳಂಗಿಲ್ಲ ನಾಗರತ್ನಾ. ಕೆಲಸ ಹೋದ್ರ ನಿಮ್ಮನಿ ಒಲಿಗೆ ನಾ ಜವಾಬ ಕೊಡಾಕ ಆಗಂಗಿಲ್ಲ. ನಿನಗ ಬರಬೇಕನಸಿದ್ರ ಬಾ."

ಅವರು ಬರೂ ದಿನ ಮುಂಜಾನಿ ಸಂಡಾಸದ ಬಾಗಲ ಮುಂದ ಶರತ ಸಾಹೇಬ ನಿಂತಿದ್ದ. ಮಾಯಕ್ಕನ ಕೈಯಾಗ ತೊಳಿಯಾಕ ಅಂತ ಕೊಟ್ಟ ಕೀಲಿ, ಬಕೀಟು, ಬ್ರಶ್ಶು. ಆಕಿ ಕೀಲಿ ತಗದ್ಲು. ಬಕೀಟು ಬ್ರಶ್ಶು ಹೊರಗ ನೆಲದ ಮ್ಯಾಲೆ ಇಟ್ಲು. ಒಳಗ ಹೋಗಿ ಚಿಲಕ ಹಾಕ್ಕೊಂಡ್ಲು.

ಆತಗ ಮೊದಲ ತಿಳೀಲಿಲ್ಲ. ನೀರ ಬಿಟ್ಟ ಸಪ್ಪಳ ಕೇಳಿದ ಮ್ಯಾಲೆ ತಿಳೀತು. ಬಾಗಲ ಬಡದ. "ಏಯ್! ಏನ್ಮಾಡ್ತಿದೀಯಾ ಒಳಗೆ?"

ಮಾಯಕ್ಕ ಹೊರಗ ಬಂದ್ಲು. ಕೈ ಸೆರಗಿಗೆ ಒರಸಿಕೊಂಡ್ಲು. "ಎಲ್ಲಾರೂ ಏನ ಮಾಡ್ತಾರ್ರಿ ಒಳಗ? ಅದನ್ನ ಮಾಡಿದೆ" ಅಂದ್ಲು.

ಆಕಿ ಹಿಂದ ನಾ ನಿಂತಿದ್ದೆ. ನನ್ನ ಹಿಂದ ಸಕ್ಕೂಬಾಯಿ ಸೊಸಿ. ಆಕಿ ಹಿಂದ ಸುಶೀಲವ್ವ. ಅಲ್ಲಿಂದ ಟ್ಯಾಂಕರಿನತನಾ ಹೆಂಗಸರು. ಮಾಯಕ್ಕ ಯಾರನ್ನೂ ಕರದಿರಲಿಲ್ಲ. ಒಬ್ಬಾಕೀನೂ ತಪ್ಪಿಸಿರಲಿಲ್ಲ.

ನಾ ಒಳಗ ಹೋದೆ. ಬಿಳೇ ಫರಸಿ. ನಳ ತಿರುವಿದ್ರ ನೀರ. ಚಿಲಕ ಹಾಕಿದ್ರ ಯಾರೂ ಕಾಣಂಗಿಲ್ಲ. ನಾಕ ಗ್ವಾಡಿ, ಒಂದ ಚಿಲಕ. ಇಷ್ಟಕ್ಕ ಸಕ್ಕೂಬಾಯಿ ಕಿಡ್ನಿ ಹೋತು. ಕುಂತಲ್ಲೇ ಅಳು ಬಂತು. ಬಾಯಾಗ ಸೆರಗ ತುರಕಿಕೊಂಡು ಅತ್ತೆ.

ಹೊರಗ ಸಿದ್ದರಾಮೇಶ ಓಡಿ ಬಂದಿದ್ದ. "ಬೀರಲಿಂಗಾ, ಎಳದ ಹೊರಗ ಹಾಕೋ ಇವರನ್ನ!"

ಬೀರಲಿಂಗ ಜಾಗಾ ಬಿಟ್ಟು ಕದಲಲಿಲ್ಲ. "ಒಳಗ ಹೆಂಗಸರು ಅದಾರ್ರಿ ಗೌಡ್ರ. ನಾ ಹ್ಯಾಂಗ ಹೋಗ್ಲಿ?"

"ಉಮರ, ನೀರ ಬಿಡು. ಕೆಲಸ ಸುರು ಮಾಡ್ಸು!"

ಉಮರ ಇಂಜಿನ್ ಬಂದ್ ಮಾಡಿ ಕೀಲಿ ಕಿಸೆದಾಗ ಹಾಕ್ಕೊಂಡ. "ಇವರದು ಮುಗೀಲಿ" ಅಂದ.

ಹೆಡ್ ಆಫೀಸಿನ ಕಾರ ಬಂದಾಗ ಬಾಗಲ ಮುಂದ ಅರ್ಧಾ ಮಂದಿ ಇನ್ನೂ ನಿಂತಿದ್ರು. ಕಾರಿನಿಂದ ಇಳದ ದೊಡ್ಡ ಸಾಹೇಬ ಒದರಲಿಲ್ಲ. ಎಲ್ಲಾ ನೋಡಿದ. ಶರತ ಸಾಹೇಬನ್ನ ಆ ಕಡೆ ಕರದು ಏನೋ ಕೇಳಿದ. ಆಮ್ಯಾಲೆ ನಗಕೊಂತ ಮಾಯಕ್ಕನ ಹಂತ್ಯಾಕ ಬಂದು, ತನ್ನ ತಲಿಮ್ಯಾಲಿನ ಬಿಳೇ ಹೆಲ್ಮೆಟ್ ತಗದು ಆಕಿ ಮುಂದ ಹಿಡದ.

"ಇವರೆಲ್ಲ ನಿಮ್ಮ ಮಾತು ಕೇಳ್ತಾರೆ ಅಂತ ಗೊತ್ತಾಯ್ತು. ಇವತ್ತಿಂದ ನೀವೇ ಮೇಸ್ತ್ರಿ. ಸಂಬಳ ಹೆಚ್ಚು ಮಾಡ್ತೀವಿ. ಈ ಟಾಯ್ಲೆಟ್ ಕೀ ನಿಮ್ಮ ಹತ್ರಾನೇ ಇರ್ಲಿ. ಯಾರು ಯಾವಾಗ ಹೋಗ್ಬೇಕು ಅಂತ ನೀವೇ ನೋಡ್ಕೊಳಿ. ಕೆಲಸ ಮಾತ್ರ ನಿಲ್ಲಬಾರದು. ಆಯ್ತಾ?"

ಮಾಯಕ್ಕ ಹೆಲ್ಮೆಟ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತ ಅದನ್ನ ನೋಡಿದ್ಲು. ಆಕಿ ಮನ್ಯಾಗ ಲಕ್ವಾ ಹೊಡದ ಗಂಡ ಅದಾನ. ಪಗಾರ ಹೆಚ್ಚಿಗಿ ಅಂದ್ರ ಆತನ ಔಷಧ.

"ಬ್ಯಾಡ್ರಿ" ಅಂದ್ಲು. "ಕೀಲಿ ನನ್ನ ಕೈಯಾಗ ಬಂದ್ರ ನಾಳೆ ಇವರು ಉಚ್ಚಿ ಹೊಯ್ಯಾಕ ನನ್ನ ಮುಂದ ಕೈ ಒಡ್ಡಬೇಕು. ಒಂದಿನ ನೀವು ಸಾಕು ಅಂತೀರಿ, ನಾನೂ ಇವರಿಗೆ ಸಾಕು ಅನ್ನಬೇಕು. ಕೀಲಿ ಯಾರ ಕೈಯಾಗೂ ಬ್ಯಾಡ. ಬಾಗಲ ತಗದಿಡ್ರಿ."

ಆತನ ನಗು ಹಂಗ ಇತ್ತು. ಹೆಲ್ಮೆಟ್ ತಿರಗಿ ತಲಿಗೆ ಇಟ್ಕೊಂಡ. "ಸರಿ. ತೆಗೆದಿಡ್ತಾರೆ" ಅಂದ.

ಖರೇನ ತಗದಿಟ್ರು. ಮರುದಿನದಿಂದ ಆ ಬಾಗಲಿಗೆ ಕೀಲಿ ಇಲ್ಲ. ಮರುದಿನದಿಂದ ಮಾಯಕ್ಕನೂ ಇಲ್ಲ. ಬೀರಲಿಂಗ ಗೇಟಿನ್ಯಾಗ ಮಾರಿ ಕೆಳಗ ಹಾಕಿ ನಿಂತಿದ್ದ. "ಯಕ್ಕಾ, ನಿನ್ನ ಒಳಗ ಬಿಡಬ್ಯಾಡ ಅಂದಾರ. ಬಿಟ್ರ ನಾಳೆ ನಾನೂ ಇಲ್ಲ" ಅಂದ. ಆಕಿ ಆತನ್ನ ಬೈಲಿಲ್ಲ. "ನಿನ್ನ ಹೊಟ್ಟಿ ಮ್ಯಾಲೆ ನಾ ಯಾಕ ಹೊಡೀಲೋ ತಮ್ಮಾ" ಅಂದು ತಿರಗಿದ್ಲು.

ನಾವು ಆಕಿ ಕೂಡ ಹೊರಗ ಉಳದ್ವಿ. ಉಮರನ್ನೂ ಅವತ್ತ ಕೆಲಸ ಬಿಡಿಸಿದ್ರು, ಬ್ಯಾರೆ ಟ್ಯಾಂಕರ ತಂದ್ರು. ನರಗುಂದದ ಕಡೆಯಿಂದ ಟೆಂಪೋದಾಗ ಬ್ಯಾರೆ ಹೆಂಗಸರನ್ನ ತಂದ್ರು. ಅವರೂ ನಮ್ಮಂಥವರ. ಬೇಲಿ ಆಚೆ ನಿಂತ ನಮ್ಮನ್ನ ನೋಡಾಕ ಆಗದ ಮಾರಿ ತಿರುವಿ ಪೈಪ ಎಳದ್ರು. ವಾರ ತುಂಬೂದ್ರಾಗ ನಮ್ಮ ಮನ್ಯಾಗ ಹಿಟ್ಟ ಮುಗೀತು. ಮಾಯಕ್ಕನ ನಮಗ ಹೇಳಿದ್ಲು. "ಹೋಗ್ರಿ. ಬಾಗಲ ತಗದೈತಿ. ಅದನ್ನ ಬಿಟ್ಟು ಕೊಟ್ಟು ಮನ್ಯಾಗ ಕುಂದ್ರಬ್ಯಾಡ್ರಿ."

ಹೊಸಬರನ್ನ ದಿನಾ ತರೂ ಟೆಂಪೋ ಬಾಡಗಿ ಗಿಟ್ಟಲಿಲ್ಲ. ಕಂತ್ರಾಟದಾರ ನಮ್ಮನ್ನ ತಿರಗಿ ತಗೊಂಡ. ಮಾಯಕ್ಕನ್ನ ಬಿಟ್ಟು. ಆಕಿ ಈಗ ಕೊಣ್ಣೂರ ಕಡೆ ಹೊಳಿದಂಡಿ ಹೊಲದಾಗ ಕಬ್ಬಿನ ಕಳೆ ತಗೀತಾಳ. ಮುಂಜಾನಿ ಬಸ್ಸಿಗೆ ಹೋದ್ರ ಕತ್ತಲಿಗೆ ಬರ್ತಾಳ. ಗಂಡನ ಔಷಧ ಒಂದ ತಿಂಗಳ ತಗೊಂಡ್ರ ಒಂದ ತಿಂಗಳ ಇಲ್ಲ.

ಕೆಲಸಕ್ಕ ತಿರಗಿ ಹೋದ ದಿನ ನಾವು ಒಂದು ನೋಡಿದ್ವಿ. ಆಫೀಸಿನ ಆ ಮಗ್ಗಲಕ್ಕ ಹೊಸಾ ಸಂಡಾಸ ಎದ್ದಿತ್ತು. ಗ್ವಾಡಿ ಎತ್ತಿ, ಫರಸಿ ಹಾಕಿ, ಬಣ್ಣ ಹಚ್ಚಿ ಮುಗದಿತ್ತು. ಬಾಗಲಿಗೆ ಕೀಲಿ. ನಾವು ಕುಂತ ಸಂಡಾಸಕ್ಕ ಶರತ ಸಾಹೇಬನೂ ಹೋಗವಲ್ಲ, ಸಿದ್ದರಾಮೇಶನೂ ಹೋಗವಲ್ಲ. ನಾವು ಕೇಳಿದಾಗ ಬಜೆಟ್ ಇರಲಿಲ್ಲ. ನಾವು ಮುಟ್ಟಿದ ಮ್ಯಾಲೆ ಹದಿನೈದ ದಿನದಾಗ ಬಜೆಟ್ ಬಂತು.

ಇವತ್ತ ಮುಂಜಾನಿ ಸಿದ್ದರಾಮೇಶ ನಮ್ಮ ಸಾಲಿಗೆ ಬಂದ. ಬಕೀಟು ಬ್ರಶ್ಶು ಆತನ ಕೈಯಾಗ ಇದ್ವು.

"ಹೊಸಾದು ನಾರಾಕತ್ತೈತಿ. ಯಾರ ತೊಳೀತೀರಿ? ಪಗಾರದ ಮ್ಯಾಲೆ ಕೊಡಸ್ತೀನಿ."

ಆತ ಸಕ್ಕೂಬಾಯಿ ಸೊಸಿನ್ನ ನೋಡಿದ. ಆಕಿ ಪ್ಲೇಟ ತಿಕ್ಕಕೊಂತ ಹೋದ್ಲು. ಸುಶೀಲವ್ವನ್ನ ನೋಡಿದ. ಕಡೀಕ ನನ್ನ ಮುಂದ ಬಂದು ನಿಂತ.

"ನಾಗರತ್ನಾ, ನೀ ತೊಳಿ."

"ಒಲ್ಲೆರಿ" ಅಂದೆ. "ನಮ್ಮದನ್ನ ನಾವು ತೊಳಕೋತೀವಿ. ನಿಮ್ಮದನ್ನ ನೀವು ತೊಳಕೋರಿ."

"ಯಾರ ಕಲಿಸ್ಯಾರ ನಿನಗ ಇದನ್ನ? ಮಾಯವ್ವ ಏನ?"

"ಯಾರೂ ಇಲ್ರಿ."

"ನಾಳಿಂದ ಬರಬ್ಯಾಡ ನೀ."

ಸುಶೀಲವ್ವ ತನ್ನ ಬ್ರಶ್ ನೆಲಕ್ಕ ಇಟ್ಲು. ಸಕ್ಕೂಬಾಯಿ ಸೊಸಿ ಇಟ್ಲು. ಆಮ್ಯಾಲೆ ಉಳದವರು. ಪೈಪಿನ ನೀರ ಸುಮ್ನ ನೆಲಕ್ಕ ಹರಕೊಂತ ಹೋತು. ಆತ ನಮ್ಮನ್ನ ನೋಡಿದ, ಬಿಸಲ ನೋಡಿದ, ಅರ್ಧ ತೊಳದ ಪ್ಲೇಟ ನೋಡಿದ. ಬಕೀಟು ಅಲ್ಲೇ ಒಗದು ಹೋದ.

ನಾಳೆ ಗೇಟಿನ್ಯಾಗ ನನ್ನ ಬಿಡ್ತಾರೋ ಇಲ್ಲೋ ಗೊತ್ತಿಲ್ಲ. ಬಿಡದಿದ್ರ ಮಾಯಕ್ಕನ ಕೂಡ ಕೊಣ್ಣೂರ ಬಸ್ ಹತ್ತಬೇಕು. ಆ ಕೂಲಿ ನಮ್ಮನಿಗೆ ಸಾಲಂಗಿಲ್ಲ, ಅದೂ ಗೊತ್ತೈತಿ.

ಹೊಸಾ ಸಂಡಾಸ ಇವತ್ತಿನತನಾ ಯಾರೂ ತೊಳದಿಲ್ಲ.